ಅಕ್ಕ ಹೆಜ್ಜೆ ಎಣಿಸಿದ ಹಿತ್ತಲು

ಚಂದ್ರಾ ಲೇಔಟಿನ ನಮ್ಮ ಬೀದಿಯಲ್ಲಿ ಹಿತ್ತಲು ಅಂತ ಉಳಿದಿರುವುದು ನಮ್ಮ ಮನೆಗೆ ಮಾತ್ರ. ಮಿಕ್ಕವರೆಲ್ಲ ಕಾಂಪೌಂಡಿನವರೆಗೂ ಕಟ್ಟಿ, ಮೇಲೆ ಎರಡು ಮೂರು ಮಹಡಿ ಏರಿಸಿ ಬಾಡಿಗೆಗೆ ಕೊಟ್ಟಿದ್ದಾರೆ. ಅಪ್ಪನಿಗೆ ಅಷ್ಟು ಕಟ್ಟುವ ಶಕ್ತಿ ಇರಲಿಲ್ಲ. ಮುಂದೆ ಎರಡು ಕೋಣೆ, ಅಡುಗೆಮನೆ, ಬಚ್ಚಲು ಎದ್ದವು. ಹಿಂದಿನ ಜಾಗವನ್ನು ಆಮೇಲೆ ನೋಡೋಣ ಎಂದು ಬಿಟ್ಟರು. ಅಪ್ಪ ಹೋದರು, ಅಮ್ಮ ಹೋದರು. ಆ ಆಮೇಲೆ ಬರಲೇ ಇಲ್ಲ.

ಮನೆಯಲ್ಲಿ ಉಳಿದವರು ನಾವಿಬ್ಬರು. ಮದುವೆ ಮಾಡಿಕೊಳ್ಳದ ಅಕ್ಕ, ಗಂಡ ತೀರಿಕೊಂಡ ಮೇಲೆ ತವರಿಗೆ ಬಂದ ನಾನು. ನಾನು ರಾಜರಾಜೇಶ್ವರಿನಗರದ ಒಂದು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ನನಗಿಂತ ಆರು ವರ್ಷಕ್ಕೆ ದೊಡ್ಡವಳಾದ ಅಕ್ಕ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ಮೂವತ್ತು ವರ್ಷ ಅದೇ ಕೆಲಸ. ವಿಜಯನಗರದಿಂದ, ಹೊಸಹಳ್ಳಿಯಿಂದ ಹೆಂಗಸರು ಅವಳನ್ನು ಹುಡುಕಿಕೊಂಡು ಬರುತ್ತಿದ್ದರು. ಅಳತೆಯ ಬ್ಲೌಸ್ ತರಲು ಮರೆತವರನ್ನು ಅವಳು ವಾಪಸ್ ಕಳಿಸುತ್ತಿರಲಿಲ್ಲ. ಒಂದು ಸಲ ಮೇಲಿಂದ ಕೆಳಗೆ ನೋಡಿ, "ಹೋಗಿ ಬನ್ನಿ, ಸರಿ ಹೋಗತ್ತೆ" ಅನ್ನುತ್ತಿದ್ದಳು. ಸರಿಯಾಗಿಯೇ ಇರುತ್ತಿತ್ತು.

ಆ ಕಣ್ಣುಗಳೇ ಹೋದವು.

ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ಬಡಿದುಕೊಳ್ಳುತ್ತಿದ್ದಳು. ಪಕ್ಕದಲ್ಲೇ ಇದ್ದ ಕತ್ತರಿಯನ್ನು ಹುಡುಕುತ್ತಿದ್ದಳು. ಕಾಫಿ ಲೋಟ ಎಡಗೈ ತಗುಲಿ ಉರುಳಿದರೆ, "ಇದನ್ನ ಇಲ್ಲಿ ಯಾರಿಟ್ರು" ಎಂದು ನನ್ನನ್ನೇ ಗದರುತ್ತಿದ್ದಳು. ನಾನು ನಗುತ್ತಿದ್ದೆ. ಒಂದು ದಿನ ಆಫೀಸಿನಿಂದ ಬಂದಾಗ ತೋರುಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಯಂತ್ರದ ಸೂಜಿ ಉಗುರನ್ನೇ ತೂರಿ ಹೋಗಿತ್ತು. ಮಾರನೆಯ ದಿನ ನಾನು ರಜೆ ಹಾಕಿ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಏನೇನೋ ಪರೀಕ್ಷೆ ಮಾಡಿ ಗ್ಲಾಕೋಮಾ ಎಂದರು. ಕಣ್ಣಿನ ಒಳಗಿನ ಒತ್ತಡ ಏರಿ ನರವೇ ಸಾಯುತ್ತಾ ಬರುವ ಕಾಯಿಲೆ. ಅಕ್ಕಪಕ್ಕದ ನೋಟ ಮೊದಲು ಹೋಗುತ್ತದೆ, ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನಷ್ಟೇ ಉಳಿಯುತ್ತದೆ, ಕೊನೆಗೆ ಅದೂ ಹೋಗುತ್ತದೆ.

"ಹೋಗಿರೋ ದೃಷ್ಟಿ ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳೋಕೆ ನೋಡೋಣ. ತುಂಬಾ ಲೇಟಾಗಿ ಬಂದಿದೀರ" ಎಂದರು ಡಾಕ್ಟರು.

ಆಟೋದಲ್ಲಿ ವಾಪಸ್ ಬರುವಾಗ ನಾನು ಕೇಳಿದೆ, "ಇಷ್ಟು ದಿನ ಯಾಕಕ್ಕ ಹೇಳ್ಲಿಲ್ಲ?"

"ವಯಸ್ಸಾಯ್ತು ಅನ್ಕೊಂಡೆ ಕಣೇ" ಎಂದಳು. ಒಂದು ಸಿಗ್ನಲ್ ದಾಟಿದ ಮೇಲೆ, "ದೀಪಾವಳಿಗೆ ಒಪ್ಕೊಂಡಿರೋ ಬ್ಲೌಸ್ ಹದಿನಾಲ್ಕಿದೆ" ಅಂದಳು.

ಹದಿನಾಲ್ಕನ್ನೂ ಮುಗಿಸಿಕೊಟ್ಟಳು. ಆಪರೇಷನ್ ಆಯಿತು, ದಿನಕ್ಕೆ ಮೂರು ಹೊತ್ತು ಡ್ರಾಪ್ಸ್ ಆಯಿತು. ಎರಡು ವರ್ಷ ಕಳೆಯುವ ಹೊತ್ತಿಗೆ ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎನ್ನುವುದಷ್ಟೇ ಅವಳಿಗೆ ಉಳಿದಿತ್ತು. ಬೆಳಿಗ್ಗೆ ನಾನು ಗೇಟು ದಾಟುವಾಗ ಒಳಗಿನಿಂದ ಹೊಲಿಗೆ ಯಂತ್ರದ ಶಬ್ದ ಕೇಳುತ್ತಿತ್ತು. ದಾರವಿಲ್ಲ, ಬಟ್ಟೆಯಿಲ್ಲ. ಸುಮ್ಮನೆ ತುಳಿಯುತ್ತಾ ಕೂತಿರುತ್ತಿದ್ದಳು. ಆ ಶಬ್ದ ಕೇಳಿಸಿಕೊಂಡು ಬಸ್ ಸ್ಟಾಪಿನವರೆಗೆ ನಡೆಯುವುದು ನನಗೆ ಕಷ್ಟವಾಗುತ್ತಿತ್ತು. ತಿರುಗಿ ಹೋಗಿ ಏನು ಹೇಳಬೇಕೆಂದೂ ಗೊತ್ತಾಗುತ್ತಿರಲಿಲ್ಲ.

ಒಂದು ಭಾನುವಾರ ನಾನು ಹಿತ್ತಲಿನ ಕಳೆ ಕೀಳುತ್ತಿದ್ದೆ. ಅಕ್ಕ ಹಿಂದಿನ ಬಾಗಿಲ ಮೆಟ್ಟಿಲ ಮೇಲೆ ಬಂದು ಕೂತಳು.

"ಇಲ್ಲಿ ಬಿಸ್ಲು ಬೀಳತ್ತಾ?" ಎಂದು ಕೇಳಿದಳು.

"ಎಲ್ಲಿ ಬರತ್ತಕ್ಕ, ಸುತ್ತ ಮಹಡಿ ಎಬ್ಸಿದಾರಲ್ಲ."

"ಬೀಳ್ತಿದೆ. ನನ್ನ ಎಡಗೆನ್ನೆ ಮೇಲಿದೆ ನೋಡು."

ನೋಡಿದೆ. ಎರಡು ಕಟ್ಟಡಗಳ ನಡುವಿನ ಸಂದಿಯಿಂದ ಒಂದು ಪಟ್ಟಿ ಬಿಸಿಲು ಇಳಿದು ಅವಳ ಕೆನ್ನೆ ಮುಟ್ಟಿತ್ತು. ಆ ವಾರ ಅವಳು ಒಂದು ಪ್ಲಾಸ್ಟಿಕ್ ಸ್ಟೂಲ್ ಹಿಡಿದುಕೊಂಡು ಹಿತ್ತಲಿನ ಉದ್ದಗಲ ಕೂತು ನೋಡಿದಳು. ಒಂಬತ್ತರಿಂದ ಹತ್ತೂವರೆ ಬಚ್ಚಲ ಗೋಡೆಯ ಬಳಿ, ಹನ್ನೊಂದರಿಂದ ಒಂದು ನಡುವಿನಲ್ಲಿ, ಆಮೇಲೆ ಒಂದು ಗಂಟೆಯ ಹೊತ್ತು ಸೀಬೆ ಮರದ ಬುಡದಲ್ಲಿ. ಸಂಜೆ ನಾನು ಬಂದ ಮೇಲೆ ಅವಳು ಹೇಳಿದ್ದನ್ನು ಹಳೆಯ ಡೈರಿಯಲ್ಲಿ ಬರೆದುಕೊಂಡೆ. ನಮ್ಮ ಹಿತ್ತಲಿಗೆ ಎಲ್ಲೆಲ್ಲಿ ಎಷ್ಟೆಷ್ಟು ಬಿಸಿಲು ಎನ್ನುವುದನ್ನು ಕಣ್ಣಿದ್ದ ನಾನು ಅಷ್ಟು ವರ್ಷದಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ.

ಹಿಂದಿನ ಮನೆಯ ಬೋಳು ಸಿಮೆಂಟ್ ಗೋಡೆ ನಮ್ಮ ಹಿತ್ತಲಿಗೆ ಎದುರಾಗಿ ನಿಂತಿದೆ. ಅವರ ಅಡುಗೆಮನೆಯ ಕಿಟಕಿ ನಮ್ಮ ಕಡೆಗೇ ತೆರೆಯುತ್ತದೆ. ಆ ಮನೆಯಾಕೆ ಹಾವೇರಿ ಕಡೆಯವರು, ಜೋರು ದನಿ, ದೊಡ್ಡ ಮನಸ್ಸು. ಆ ಗೋಡೆಗೆ ಸುಣ್ಣ ಬಳಿದರೆ ಬಿಸಿಲು ಅದಕ್ಕೆ ಬಡಿದು ಗಿಡಗಳ ಮೇಲೆ ಬೀಳುತ್ತದೆ ಎಂದು ಅಕ್ಕ ಹೇಳಿದಳು. ನಾನು ಸಂಕೋಚಪಡುತ್ತಾ ಕಿಟಕಿಯ ಕೆಳಗೆ ನಿಂತು ಕೇಳಿದೆ.

"ಬಳೀರಿ, ಬಳೀರಿ. ನಮ್ಮ ಗ್ವಾಡಿ ನಿಮ್ಮ ಕಡಿಗಾದ್ರೂ ಚಂದ ಕಾಣ್ಲಿ" ಎಂದು ಅವರು ನಕ್ಕರು. ಮೂರು ಕೋಟ್ ಸುಣ್ಣ ಬಳಿದೆ. ಹಿತ್ತಲಿಗೆ ಅರ್ಧ ಗಂಟೆ ಬೆಳಕು ಜಾಸ್ತಿಯಾದ ಹಾಗಾಯಿತು.

ಆಮೇಲೆ ಅಕ್ಕ ಹೊಲಿಗೆ ಯಂತ್ರದ ಸ್ಟ್ಯಾಂಡನ್ನು ಹಿಂದಕ್ಕೆ ಸಾಗಿಸಲು ಹೇಳಿದಳು. ಮೇಲಿನ ಯಂತ್ರವನ್ನು, ಅವಳ ಹತ್ತಿರವೇ ಕೆಲಸ ಕಲಿತು ಮಾಗಡಿ ರಸ್ತೆಯಲ್ಲಿ ಅಂಗಡಿ ಇಟ್ಟುಕೊಂಡಿದ್ದ ಹೆಂಗಸಿಗೆ ಕೊಟ್ಟುಬಿಡಬೇಕಂತೆ. ನಾನು ಬೇಡವೆಂದೆ.

"ಇಟ್ಕೊಂಡು ಏನ್ ಮಾಡ್ಲಿ? ಯಂತ್ರ ಓಡ್ತಾ ಇರ್ಬೇಕು ಕಣೇ. ಅವಳ ಹತ್ರ ಓಡತ್ತೆ."

ಆ ಹೆಂಗಸು ಯಂತ್ರವನ್ನು ಆಟೋಗೆ ಏರಿಸಿಕೊಳ್ಳುವಾಗ ಅಕ್ಕ ಹೊರಗೆ ಬರಲಿಲ್ಲ. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತಿದ್ದಳು.

ಕಬ್ಬಿಣದ ಆ ಸ್ಟ್ಯಾಂಡಿನ ಮೇಲೆ ಒಂದು ಕಡಪ ಕಲ್ಲು ಹಾಕಿ, ಅಂಚಿಗೆ ಇಟ್ಟಿಗೆ ಜೋಡಿಸಿ, ಮಣ್ಣು ತುಂಬಿದೆವು. ಬಗ್ಗದೆ, ನಿಂತುಕೊಂಡೇ ಕೈಯಾಡಿಸುವಷ್ಟು ಎತ್ತರದ ಪಾತಿ. ಅದರಲ್ಲಿ ಪುದೀನ, ದೊಡ್ಡಪತ್ರೆ, ಕೊತ್ತಂಬರಿ. ಹಳೆಯ ಜೀನ್ಸ್ ಪ್ಯಾಂಟು ಕತ್ತರಿಸಿ ಜೇಬು ಜೇಬಾಗಿ ಹೊಲಿದು ಗೋಡೆಗೆ ತೂಗುಹಾಕಿದರೆ ಅದರಲ್ಲೂ ಸೊಪ್ಪು ಬೆಳೆಯಬಹುದು ಎನ್ನುವುದು ಅಕ್ಕನದೇ ಯೋಚನೆ. ಕೈಹೊಲಿಗೆಯಲ್ಲಿ ಅವಳೇ ಹೊಲಿದಳು. ಸೂಜಿಗೆ ದಾರ ಪೋಣಿಸುವುದೊಂದು ಆಗುತ್ತಿರಲಿಲ್ಲ. ದಿನವೂ ಆಫೀಸಿಗೆ ಹೊರಡುವ ಮುಂಚೆ ನಾನು ಹತ್ತು ಸೂಜಿಗೆ ದಾರ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಿದ್ದೆ. ಸಂಜೆ ಬರುವಷ್ಟರಲ್ಲಿ ಹತ್ತೂ ಖಾಲಿ. ಹೊಲಿಗೆಯನ್ನು ಬೆರಳಲ್ಲಿ ಮುಟ್ಟಿ ನೋಡಿದರೆ ಒಂದು ಎಳೆಯೂ ಓರೆಯಿರುತ್ತಿರಲಿಲ್ಲ.

ದಾರಿಯನ್ನೂ ಅವಳೇ ಮಾಡಿಕೊಂಡಳು. ಹಳೆಯ ಸೀರೆಗಳ ಅಂಚು ಹರಿದು, ಮೂರು ಎಳೆ ಹೆಣೆದು, ಹಿಂದಿನ ಬಾಗಿಲ ಚಿಲಕದಿಂದ ಸೀಬೆ ಮರದವರೆಗೆ ಸೊಂಟದ ಎತ್ತರಕ್ಕೆ ಒಂದು ಹಗ್ಗ. ಆರು ಹೆಜ್ಜೆಗೆ ಒಂದು ಗಂಟು, ಅಲ್ಲಿ ಬಲಕ್ಕೆ ಸ್ಟ್ಯಾಂಡಿನ ಮೇಲಿನ ಸೊಪ್ಪಿನ ಪಾತಿ. ಹತ್ತಕ್ಕೆ ಎರಡು ಗಂಟು, ಅಲ್ಲಿ ಬದನೆ, ಮೆಣಸಿನಕಾಯಿ. ಹದಿನೈದಕ್ಕೆ ಮೂರು ಗಂಟು, ತಲೆಯ ಮೇಲೆ ಹೀರೆಕಾಯಿ ಚಪ್ಪರ. ಎಡಕ್ಕೆ ತಿರುಗಬೇಕಾದ ಕಡೆ ದವನದ ಕುಂಡ. ಸೀರೆ ಸವರಿದರೆ ಘಮ್ಮೆಂದು ತಿಳಿಯುತ್ತಿತ್ತು. ಅಲ್ಲಿಂದ ಮುಂದೆ ಚೆಂಡುಹೂವಿನ ಸಾಲು. ಅದು ಟೊಮೆಟೊ ಗಿಡಕ್ಕೆ ಹುಳ ಬರದಿರಲಿ ಎಂದು ಅವಳಿಗೆ, ಬಣ್ಣಕ್ಕೆಂದು ನನಗೆ. ಬಟ್ಟೆ ಒಗೆದ ಕೊನೆಯ ನೀರು ಪೈಪಿನಲ್ಲಿ ಬಾಳೆಗೆ ಹೋಗುತ್ತಿತ್ತು.

ಎಲ್ಲವೂ ಸಲೀಸಾಗಿ ಆಗಲಿಲ್ಲ. ಮೊದಲ ವರ್ಷ ಗೆಣಸನ್ನೆಲ್ಲ ಹೆಗ್ಗಣ ತಿಂದಿತು. ಜೀನ್ಸ್ ಜೇಬಿನ ಮಣ್ಣು ಒಂದೇ ಮಧ್ಯಾಹ್ನಕ್ಕೆ ಒಣಗುತ್ತಿತ್ತು. ಪ್ರತಿ ಸಾಲಿನ ಮೇಲೆ ತೂತು ಕೊರೆದ ನೀರಿನ ಬಾಟಲಿ ಬೋರಲಾಗಿ ಕಟ್ಟಿದ ಮೇಲೆ ಸರಿಹೋಯಿತು. ಎರಡನೆಯ ವರ್ಷದಿಂದ ನಾವು ಸೊಪ್ಪು ಕೊಂಡಿದ್ದೇ ನೆನಪಿಲ್ಲ. ಹಣ್ಣಾದ ಟೊಮೆಟೊವನ್ನು ಅಕ್ಕ ತೊಟ್ಟಿನ ವಾಸನೆಯಿಂದ ಹಿಡಿಯುತ್ತಿದ್ದಳು. ಎಲೆಯ ಹಿಂಬದಿ ಅಂಟಂಟು ಆಗಿದೆ, ಬೇವಿನೆಣ್ಣೆ ಹೊಡಿ ಎಂದು ನನಗೆ ಹೇಳುತ್ತಿದ್ದಳು. ಕಿಟಕಿಯ ಹಾವೇರಿಯವರಿಗೆ ಹೀರೆಕಾಯಿ ಹೋಗುತ್ತಿತ್ತು, ಅಲ್ಲಿಂದ ಬಿಸಿ ರೊಟ್ಟಿ ಬರುತ್ತಿತ್ತು. ಅಂಥ ಮೂರು ವರ್ಷ ನಮಗೆ ಸಿಕ್ಕಿತು. ಬೆಳಿಗ್ಗೆ ನಾನು ಗೇಟು ದಾಟುವಾಗ ಒಳಗಿನಿಂದ ಶಬ್ದವಿರುತ್ತಿರಲಿಲ್ಲ. ಅವಳು ಆಗಲೇ ಹಿತ್ತಲಲ್ಲಿರುತ್ತಿದ್ದಳು.

ಇನ್ನು ಹೇಳಬೇಕಾದದ್ದು ನಾನು ಮಾಡಿದ ಕೆಲಸ.

ಆಫೀಸಿನ ಇಬ್ಬರು ಸಹೋದ್ಯೋಗಿಗಳು ಒಂದು ಶನಿವಾರ ಊಟಕ್ಕೆ ಬಂದಿದ್ದರು. ನಾನೇ ತೋಟ ತೋರಿಸುತ್ತೇನೆ ಬನ್ನಿ ಎಂದು ಕರೆದಿದ್ದೆ. ಅವರಲ್ಲೊಬ್ಬರು ಹಗ್ಗವನ್ನು ಹಿಡಿದು, "ಇದೇನ್ರೀ, ಬಟ್ಟೆ ಒಣಗ್ಸೋದಾ? ಇಷ್ಟು ಒಳ್ಳೆ ಜಾಗ ಇಟ್ಕೊಂಡು ಸಂತೆ ಥರ ಮಾಡಿದೀರಲ್ಲ" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಅಕ್ಕ ಒಳಗಿದ್ದಳು, ಕೇಳಿಸಿತೋ ಇಲ್ಲವೋ. ನನಗೆ ಮಾತ್ರ ಮುಖ ಬಿಸಿಯಾಯಿತು. ಅದು ಯಾರ ಹಗ್ಗ, ಯಾಕಿದೆ ಎಂದು ಅಲ್ಲೇ ಒಂದು ಮಾತಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. "ಹೌದು, ಸರಿ ಮಾಡ್ಬೇಕು" ಎಂದುಬಿಟ್ಟೆ.

ಆಮೇಲೆ ಮೊಬೈಲಿನಲ್ಲಿ ತೋಟಗಳ ವಿಡಿಯೋ ನೋಡುವ ಗೀಳು ಹಿಡಿಯಿತು. ಬಣ್ಣ ಬಳಿದ ಟಯರಿನಲ್ಲಿ ಹೂವು, ಹುಲ್ಲಿನ ನಡುವೆ ಗುಂಡು ಚಪ್ಪಡಿ ಕಲ್ಲುಗಳು, ಮೂಲೆಯಲ್ಲೊಂದು ತಾವರೆ ತೊಟ್ಟಿ. ಮೆಟ್ರೋದಲ್ಲಿ ಹೋಗುತ್ತಾ ಬರುತ್ತಾ ಅದನ್ನೇ ನೋಡುತ್ತಿದ್ದೆ. ನಮ್ಮದೂ ಹೀಗೆ ಕಾಣಬೇಕು ಅನಿಸುತ್ತಿತ್ತು. ಅಕ್ಕನಿಗೆ ಒಂದೆರಡು ಸಲ ಹೇಳಿದೆ. "ಇರೋದು ಇದ್ದ ಹಾಗೆ ಇರ್ಲಿ ಕಣೇ" ಎಂದಳು. ಅವಳು ಕಾಣದವಳು, ಚಂದ ಅಂದರೆ ಅವಳಿಗೇನು ಗೊತ್ತು ಎಂದು ನಾನು ಮನಸ್ಸಿನಲ್ಲಿ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ಬರೆಯಲು ಕೂತ ಮೇಲೆ ಅದನ್ನು ಮುಚ್ಚಿಡುವುದು ಸರಿಯಲ್ಲ.

ಕೆಂಗೇರಿಯಲ್ಲಿ ಚಿಕ್ಕಮ್ಮನ ಮಗಳ ಮನೆಯಲ್ಲಿ ಮೊಮ್ಮಗುವಿನ ನಾಮಕರಣ ಬಂತು. ಅಕ್ಕನನ್ನು ನಾಲ್ಕು ದಿನ ಇರಲಿ ಎಂದು ಅವರು ಮುಂಚೆಯೇ ಕರೆದುಕೊಂಡು ಹೋದರು. ನಾನು ಆಫೀಸಿಗೆ ರಜೆ ಹಾಕಿದೆ. ನರ್ಸರಿಯಿಂದ ಒಬ್ಬ ಮಾಲಿಯನ್ನು ಕರೆಸಿ ಎರಡು ದಿನ ಇಬ್ಬರೂ ಕೆಲಸ ಮಾಡಿದೆವು. ಹಗ್ಗ ಬಿಚ್ಚಿದೆ. ದವನದ ಕುಂಡವನ್ನು ಗೋಡೆಯ ಕಡೆ ಸರಿಸಿದೆ. ದಾರಿಗೆ ಗುಂಡು ಕಲ್ಲು ಹಾಸಿ, ಹಳದಿ ನೀಲಿ ಟಯರುಗಳನ್ನು ಜೋಡಿಸಿ, ಸ್ಟ್ಯಾಂಡನ್ನು ಮೂಲೆಗೆ ತಳ್ಳಿ, ಮೊದಲು ಸೊಪ್ಪಿನ ಪಾತಿ ಇದ್ದ ಕಡೆ ಸಿಮೆಂಟಿನ ತಾವರೆ ತೊಟ್ಟಿ ಇಡಿಸಿದೆ. ನಿಜವಾಗಿಯೂ ಚೆನ್ನಾಗಿ ಕಾಣುತ್ತಿತ್ತು. ಫೋಟೋ ತೆಗೆದು ಆಫೀಸಿನವರಿಗೆ ಕಳಿಸಿದೆ. ಅಕ್ಕ ಬಂದ ಮೇಲೆ ಕೈ ಹಿಡಿದು ಒಂದೊಂದೇ ಮುಟ್ಟಿಸಿ ತೋರಿಸಬೇಕು, ಹೊಸ ಹಗ್ಗವನ್ನು ಬದಿಯಲ್ಲಿ, ಕಣ್ಣಿಗೆ ಬೀಳದ ಹಾಗೆ ಕಟ್ಟಬೇಕು ಎಂದೆಲ್ಲ ಲೆಕ್ಕ ಹಾಕಿದ್ದೆ.

ಅವಳು ಬರಬೇಕಾದದ್ದು ಸಂಜೆ. ಮಧ್ಯಾಹ್ನವೇ ಚಿಕ್ಕಮ್ಮನ ಅಳಿಯ ಈ ಕಡೆ ಏನೋ ಕೆಲಸವಿದೆ ಎಂದು ಕರೆತಂದು, ಬಾಗಿಲಲ್ಲಿ ಬಿಟ್ಟು ಹೋದರು. ಅಕ್ಕನ ಹತ್ತಿರ ಕೀಲಿ ಇತ್ತು. ನಾನು ತಿರುವಿನ ಅಂಗಡಿಗೆ ಹಾಲು ತರಲು ಹೋಗಿದ್ದೆ. ನಾಲ್ಕು ದಿನ ಬೇರೆ ಮನೆಯಲ್ಲಿ ಕೂತು ಬೇಸತ್ತಿದ್ದವಳು ಸೀದಾ ಹಿಂದಿನ ಬಾಗಿಲು ತೆಗೆದು ಇಳಿದಿದ್ದಾಳೆ. ಚಿಲಕದ ಹತ್ತಿರ ಹಗ್ಗಕ್ಕೆ ಕೈ ಚಾಚಿ, ಸಿಗದೆ, ಕಳಚಿಕೊಂಡಿರಬೇಕು ಎಂದುಕೊಂಡು ಹೆಜ್ಜೆ ಎಣಿಸಿಕೊಂಡೇ ನಡೆದಿದ್ದಾಳೆ. ಹೆಜ್ಜೆಯ ಲೆಕ್ಕ ಅವಳಿಗೆ ತಪ್ಪುವಂಥದ್ದಲ್ಲ. ಆರು ಎಣಿಸಿ ಬಲಕ್ಕೆ ತಿರುಗಿದ್ದಾಳೆ.

ನಾನು ಗೇಟು ತೆಗೆಯುವಾಗ ಹಾವೇರಿಯವರ ಕೂಗು ಕೇಳಿತು. "ಯಾರದೀರಿ ಮನ್ಯಾಗ? ಅಕ್ಕಾರು ಬಿದ್ದಾರ್ರೀ! ಲಗೂನ ಬರ್ರೀ!"

ತೊಟ್ಟಿಯ ಅಂಚಿಗೆ ಮೊಣಕಾಲು ತಗುಲಿ ಮುಗ್ಗರಿಸಿದ್ದಳು. ಹಣೆ ಒಡೆದಿತ್ತು. ಬಲಗೈ ಮಣಿಕಟ್ಟು ದೇಹದ ಕೆಳಗೆ ಸಿಕ್ಕಿ ಮುರಿದಿತ್ತು. ಸೀರೆಯೆಲ್ಲ ತೊಯ್ದು, ತಾವರೆಯ ಒಂದು ಎಲೆ ಸೆರಗಿಗೆ ಅಂಟಿಕೊಂಡಿತ್ತು. ಅವಳು ಅಳುತ್ತಿರಲಿಲ್ಲ. ಎಡಗೈಯಲ್ಲಿ ನೆಲ ಸವರುತ್ತಾ, "ಇದು ಏನು? ಇದು ಏನಿದು?" ಎಂದು ಕೇಳುತ್ತಿದ್ದಳು.

ಹಣೆಗೆ ಐದು ಹೊಲಿಗೆ ಬಿತ್ತು, ಕೈಗೆ ಆರು ವಾರದ ಪ್ಲಾಸ್ಟರ್. ಆಸ್ಪತ್ರೆಯಲ್ಲಿ ಎಕ್ಸ್‌ರೇಗೆಂದು ಕಾಯುತ್ತಾ ಬೆಂಚಿನ ಮೇಲೆ ಕೂತಿದ್ದಾಗ ಅವಳು ಕೇಳಿದಳು.

"ಹಗ್ಗ ಯಾಕೆ ತೆಗ್ದೆ?"

"ಚೆನ್ನಾಗಿ ಕಾಣ್ಲಿ ಅಂತಕ್ಕ."

ಸೆರಗಿನ ಒದ್ದೆ ಅಂಚನ್ನು ಎಡಗೈಯಲ್ಲಿ ಹಿಂಡಿದಳು.

"ಯಾರಿಗೆ?" ಎಂದಳು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ಒಂದು ಮಾತು ಬಿಟ್ಟರೆ ಅವಳು ಆ ವಿಷಯ ಎತ್ತಲೇ ಇಲ್ಲ. ಯಾರಾದರೂ ಕೇಳಿದರೆ ಕಾಲು ಜಾರಿತು ಎನ್ನುತ್ತಿದ್ದಳು. ನನ್ನ ಹೆಸರು ಬರದಂತೆ ನೋಡಿಕೊಂಡಳು. ಅದೇ ನನಗೆ ಹೆಚ್ಚಿನ ಶಿಕ್ಷೆಯಾಯಿತು.

ಮಾರನೆಯ ದಿನವೇ ತೊಟ್ಟಿ, ಟಯರು ಎಲ್ಲ ಹೊರಗೆ ಹಾಕಿದೆ. ಕಲ್ಲು ಎಬ್ಬಿಸಿದೆ. ಪಾತಿ ಮತ್ತೆ ಮಾಡಿ, ದವನದ ಕುಂಡ ಮೊದಲಿನ ಜಾಗಕ್ಕೆ ತಂದು, ಹಗ್ಗ ಕಟ್ಟಿದೆ. ಪುಣ್ಯಕ್ಕೆ ಹಗ್ಗವನ್ನು ಎಸೆದಿರಲಿಲ್ಲ. ಎಲ್ಲ ಹಾಗೇ ಮಾಡಿದ್ದೇನೆ ಎಂದುಕೊಂಡಿದ್ದೆ. ಪ್ಲಾಸ್ಟರ್ ಬಿಚ್ಚಿದ ಮೇಲೆ ಒಂದು ಬೆಳಿಗ್ಗೆ, "ಬಾಕ್ಕ, ಎಲ್ಲ ಮೊದ್ಲಿನ ಥರಾನೇ ಇದೆ" ಎಂದು ಕರೆದೆ. ಬಂದಳು. ಎಡಗೈಯಲ್ಲಿ ಹಗ್ಗ ಹಿಡಿದು ಇಳಿದಳು. ಆರನೆಯ ಹೆಜ್ಜೆಗೆ ಗಂಟು ಸಿಗಲಿಲ್ಲ. ನಾನು ಹಗ್ಗ ಕಟ್ಟುವಾಗ ಒಂದು ಗೇಣು ಸಡಿಲ ಬಿಟ್ಟಿದ್ದೆ. ಗಂಟು ಒಂದು ಗೇಣು ಆಚೆ ಹೋಗಿತ್ತು, ಅಷ್ಟೇ. ಅವಳು ಅಲ್ಲೇ ನಿಂತಳು. ಕೈ ಹಗ್ಗದ ಮೇಲೆ ಹಿಂದೆ ಮುಂದೆ ಆಡಿತು. ಕಾಲು ಮುಂದಕ್ಕೆ ಇಡಲು ಹೋಗಿ ಹಿಂದಕ್ಕೆ ತೆಗೆದಳು.

"ಇದು ಬೇರೆ ಹಿತ್ತಲು ಕಣೇ" ಎಂದು ತಿರುಗಿ ಒಳಗೆ ಹೋದಳು.

"ಒಂದು ಗೇಣು ಅಕ್ಕ, ಈಗ್ಲೇ ಎಳೆದು ಕಟ್ತೀನಿ" ಎಂದು ಹಿಂದೆಯೇ ಓಡಿದೆ. ಅವಳು ಮುಂದಿನ ಕೋಣೆಯಲ್ಲಿ ಕುರ್ಚಿ ಹುಡುಕಿ ಕೂತು, "ಆಮೇಲೆ ನೋಡೋಣ ಬಿಡು" ಎಂದಳು.

ಎಂಟು ತಿಂಗಳು ಅವಳು ಹಿತ್ತಲಿಗೆ ಕಾಲಿಡಲಿಲ್ಲ. ನಾನು ಬೆಳಿಗ್ಗೆ ಎದ್ದು ನೀರು ಹಾಕಿ, ಕಿತ್ತದ್ದನ್ನು ಮೊರದಲ್ಲಿ ತಂದು ಅವಳ ಮಡಿಲಿಗೆ ಇಡುತ್ತಿದ್ದೆ. ಸೊಪ್ಪು ಸೋಸಿ ಕೊಡುತ್ತಿದ್ದಳು. ಮುರಿದ ಕೈಯ ಬೆರಳುಗಳು ಮೊದಲಿನ ಹಾಗೆ ಮಡಚಿಕೊಳ್ಳುತ್ತಿರಲಿಲ್ಲ. ತುದಿಯಲ್ಲಿ ಸ್ಪರ್ಶವೂ ಮಂದವಾಗಿದೆ ಎಂದು ಒಂದು ದಿನ ಹೇಳಿದಳು. ಕಣ್ಣು ಹೋದ ಮೇಲೆ ಅವಳಿಗೆ ಉಳಿದಿದ್ದೇ ಆ ಬೆರಳು. ಹಾವೇರಿಯವರು ಕಿಟಕಿಯಿಂದ ದಿನವೂ ಕೇಳುತ್ತಿದ್ದರು, "ಅಕ್ಕಾರು ಇವತ್ತೂ ಬರ್ಲಿಲ್ಲೇನ್ರೀ?" ಕೊನೆಕೊನೆಗೆ ಅವರೂ ಕೇಳುವುದನ್ನು ಬಿಟ್ಟರು. ನನ್ನ ಕೈಯಲ್ಲಿ ಬದನೆ ಅಷ್ಟಾಗಿ ಕಾಯಿ ಬಿಡಲಿಲ್ಲ. ಹೀರೆಯ ಚಪ್ಪರ ಒಂದು ಮಳೆಗೆ ಕುಸಿಯಿತು, ಎತ್ತಿ ಕಟ್ಟುವ ಮನಸ್ಸಾಗಲಿಲ್ಲ.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಕಾಳು ಬಿಡಿಸುತ್ತಾ ಕೂತಿದ್ದವಳು ಇದ್ದಕ್ಕಿದ್ದಂತೆ, "ಹಗ್ಗ ಬಿಚ್ಚು" ಎಂದಳು.

"ಯಾಕಕ್ಕ?"

"ಬಿಚ್ಚೇ. ಹೊಸದಾಗಿ ಎಣಿಸೋಣ. ಈ ಸಲ ನೀನು ನನ್ನ ಜೊತೆ ನಡಿ. ನೀನೂ ಎಣಿಸು."

ಅವಳ ಕೈ ನನ್ನ ಭುಜದ ಮೇಲೆ, ನನ್ನ ಕೈಯಲ್ಲಿ ಹಗ್ಗ. ಅವಳ ಹೆಜ್ಜೆ ಮೊದಲಿಗಿಂತ ಚಿಕ್ಕದಾಗಿತ್ತು, ಹಳೆಯ ಆರು ಈಗ ಎಂಟಾಗಿತ್ತು. ಪ್ರತಿ ಹೆಜ್ಜೆಗೂ ನಿಂತು ಪಾದದಿಂದ ನೆಲ ಸವರಿ ನೋಡುತ್ತಿದ್ದಳು. ಎಂಟಕ್ಕೆ ಒಂದು ಗಂಟು ಹಾಕಿಸಿದಳು. ಮುಂದಿನ ಭಾನುವಾರ ಎರಡನೆಯದು. "ಒಂದೇ ದಿನಕ್ಕೆ ಎಲ್ಲ ಬೇಡ. ಇಷ್ಟನ್ನ ಮೊದ್ಲು ಕಾಲು ಕಲೀಲಿ" ಎಂದಳು. ಆ ವಾರ ನಾನು ಆಫೀಸಿನಿಂದ ಬಂದಾಗ ಎರಡನೆಯ ಗಂಟಿನ ಹತ್ತಿರ ಒಬ್ಬಳೇ ನಿಂತು ಬದನೆ ಗಿಡದ ಬುಡ ಕೆದಕುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಪಾತ್ರೆ ತೊಳೆಯುತ್ತಾ ನಿಂತೆ.

ಮೂರನೆಯ ಭಾನುವಾರದ ಹೊತ್ತಿಗೆ ಅವಳಿಗೆ ಜ್ವರ ಬಂತು. ಚಳಿಗಾಲದ ನೆಗಡಿ ಎಂದುಕೊಂಡೆವು. ನಾಲ್ಕನೆಯ ದಿನ ಉಸಿರಾಡಲು ಕಷ್ಟಪಟ್ಟಾಗ ಆಸ್ಪತ್ರೆಗೆ ಸೇರಿಸಿದೆ. ನ್ಯುಮೋನಿಯಾ ಎಂದರು. ಎರಡು ದಿನ ಮಾತಾಡುತ್ತಿದ್ದಳು. ಮಾಸ್ಕ್ ಸರಿಸಿ ನನ್ನನ್ನು ಹತ್ತಿರ ಕರೆದು, "ಬದನೆಕಾಯಿ ಕಿತ್ಕೋ. ಬಿಟ್ರೆ ಬಲಿತು ಹೋಗತ್ತೆ" ಎಂದಳು.

"ನೀನೇ ಬಂದು ಕೀಳ್ವಂತೆ ಬಾಕ್ಕ."

"ಇವತ್ತೇ ಕಿತ್ಕೋ" ಎಂದಳು, ಸ್ವಲ್ಪ ಕೋಪದಿಂದಲೇ.

ಅಕ್ಕ, ನನ್ನಿಂದ ತಪ್ಪಾಯಿತು ಎಂದು ಆಗ ಹೇಳಬೇಕೆಂದಿದ್ದೆ. ಆಸ್ಪತ್ರೆಯ ಬೆಂಚಿನ ಮೇಲೆ ಹೇಳಿರಲಿಲ್ಲ, ಎಂಟು ತಿಂಗಳಲ್ಲಿ ಹೇಳಿರಲಿಲ್ಲ. ಹೇಳಲು ಬಾಯಿ ತೆರೆದೆ. ನರ್ಸ್ ಬಂದು ಮಾಸ್ಕ್ ಸರಿ ಮಾಡಿ, "ಮಾತಾಡಿಸ್ಬೇಡಿ ಮೇಡಂ, ಸುಸ್ತಾಗತ್ತೆ" ಎಂದರು. ಆಮೇಲೆ ಹೇಳೋಣ ಎಂದುಕೊಂಡು ಮನೆಗೆ ಬಂದೆ. ಬದನೆಕಾಯಿ ಕಿತ್ತೆ, ಹನ್ನೊಂದು ಇದ್ದವು. ಎಣ್ಣೆಗಾಯಿ ಮಾಡಿ ಡಬ್ಬಿಗೆ ಹಾಕಿಕೊಂಡು ಹೋಗುವಷ್ಟರಲ್ಲಿ ಅವಳನ್ನು ಐಸಿಯುಗೆ ಸಾಗಿಸಿದ್ದರು. ಮೂರನೆಯ ದಿನ ಬೆಳಿಗ್ಗೆ ಹೋಗಿಬಿಟ್ಟಳು.

ತಿಥಿ ಮುಗಿದು ನೆಂಟರೆಲ್ಲ ಹೊರಟ ಮೇಲೆ ಹಾವೇರಿಯವರು ಮುಂದಿನ ಬಾಗಿಲಿನಿಂದ ಬಂದು ನನ್ನ ಪಕ್ಕ ಕೂತರು. ಅಷ್ಟು ವರ್ಷದಲ್ಲಿ ಅವರು ನಮ್ಮ ಮನೆಯೊಳಗೆ ಬಂದದ್ದು ಅದೇ ಮೊದಲು. ನಾನು ಅವರಿಗೆ ಎಲ್ಲವನ್ನೂ ಹೇಳಿದೆ. ಸಹೋದ್ಯೋಗಿಯ ಮಾತು, ನಾನು ಮನಸ್ಸಿನಲ್ಲಿ ಅಂದುಕೊಂಡದ್ದು, ಕಳಿಸಿದ ಫೋಟೋ. ಅವರು ಸಮಾಧಾನ ಹೇಳಲಿಲ್ಲ. "ನಾ ಕಿಟಕ್ಯಾಗಿಂದ ನೋಡ್ತಿದ್ದೆ. ತೊಟ್ಟಿ ಇಡೂದು ನೋಡಿ ಇದು ಅಕ್ಕಾರಿಗೆ ತೊಡರತೈತಿ ಅನಿಸಿತ್ತು. ನಾನೂ ಬಾಯಿ ಬಿಡ್ಲಿಲ್ಲ" ಎಂದರು.

ಈಗ ಎರಡು ವರ್ಷವಾಗುತ್ತಾ ಬಂತು. ಹಗ್ಗ ಎರಡನೆಯ ಗಂಟಿನವರೆಗೆ ಬಿಗಿಯಾಗಿದೆ. ಅಲ್ಲಿಂದಾಚೆ ಸುರುಳಿ ಸುತ್ತಿ, ಅಲ್ಲೇ ನೆಟ್ಟ ಒಂದು ಗೂಟಕ್ಕೆ ನೇತು ಹಾಕಿದ್ದೇನೆ. ಅಲ್ಲಿಯವರೆಗಿನ ಭಾಗದಲ್ಲಿ ನಾನು ಒಂದು ಕುಂಡವನ್ನೂ ಕದಲಿಸಿಲ್ಲ, ಅದು ಅವಳು ಎಣಿಸಿದ್ದು. ಅದರಾಚೆ ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ. ಕೆಲವು ಭಾನುವಾರ ಗುದ್ದಲಿ ಹಿಡಿದು ಹೋಗುತ್ತೇನೆ, ಒಂದಿಷ್ಟು ಕಳೆ ಕಿತ್ತು ಬರುತ್ತೇನೆ. ಬಸಳೆ ಬಳ್ಳಿಯೊಂದು ತಾನಾಗಿಯೇ ಹುಟ್ಟಿ ಆ ಜಾಗವನ್ನೆಲ್ಲ ಹಬ್ಬಿದೆ.

ಇದು ಮನೆತನದಲ್ಲಿ ಬರುವ ಕಾಯಿಲೆ, ಒಡಹುಟ್ಟಿದವರು ವರ್ಷಕ್ಕೊಮ್ಮೆ ತೋರಿಸಿಕೊಳ್ಳಬೇಕು ಎಂದು ಆ ಡಾಕ್ಟರು ಅಂದೇ ಹೇಳಿದ್ದರು. ನಾನು ತಪ್ಪಿಸಿಕೊಂಡೇ ಬಂದಿದ್ದೆ. ಹೋದ ತಿಂಗಳು ಹೋದೆ. ಯಂತ್ರಕ್ಕೆ ಗಲ್ಲ ಒರಗಿಸಿ ಕೂರಿಸಿ, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತಿ ಎಂದರು. ಮೇಲೆ, ಕೆಳಗೆ, ಅಂಚಿನಲ್ಲಿ, ಎಲ್ಲ ಚುಕ್ಕಿಗಳೂ ನನಗೆ ಕಂಡವು. ಆಮೇಲೆ ಕಣ್ಣಿಗೆ ಹನಿ ಹಾಕಿ ಒಳಗೂ ನೋಡಿದರು.

"ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ಚೆನ್ನಾಗಿದೆ" ಎಂದರು ಡಾಕ್ಟರು.

ಸಂತೋಷಪಡುತ್ತೇನೆ ಎಂದುಕೊಂಡಿದ್ದರೋ ಏನೋ. ನಾನು ಅಲ್ಲೇ ಕುರ್ಚಿಯಲ್ಲಿ ಅಳಲು ಶುರುಮಾಡಿದೆ. ಅವರು ಗಾಬರಿಯಾಗಿ ನೀರು ತರಿಸಿದರು. ಕಣ್ಣಿಗೆ ಹಾಕಿದ ಹನಿಯಿಂದ ಎಲ್ಲವೂ ಮಂಜಾಗಿತ್ತು. ಮೆಟ್ರೋ ಮೆಟ್ಟಿಲನ್ನು ಕಂಬಿ ಹಿಡಿದುಕೊಂಡು ಇಳಿದೆ. ಮನೆಗೆ ಬಂದು, ಬಟ್ಟೆಯನ್ನೂ ಬದಲಿಸದೆ, ಗಿಡಗಳಿಗೆ ನೀರು ಹಾಕಿದೆ.